ಎರಡು ಲೈನಿದ್ದರೂ ಬಿಲ್ ನಿಂತಿದ್ದೇಕೆ? ಮಲೆನಾಡಿನ ವ್ಯಾಪಾರಕ್ಕೆ ಒಗ್ಗುವ ರೂಟಿಂಗ್

ಆಷಾಢದ ಒಂದು ಬೆಳಿಗ್ಗೆ ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರಿಂದ ಫೋನ್ ಬಂತು.

“ನೆಟ್ ಇಲ್ಲ ಮಾರಾಯ್ರೆ. ಲಾರಿ ಲೋಡಾಗಿ ನಿಂತಿದೆ, ಇ-ವೇ ಬಿಲ್ ತೆಗೆಯೋಕೆ ಆಗ್ತಿಲ್ಲ.”

“ಎರಡು ಲೈನ್ ಇದೆಯಲ್ಲ ನಿಮ್ಮಲ್ಲಿ?”

“ಇದೆ. ಎರಡಕ್ಕೂ ತಿಂಗಳು ತಿಂಗಳು ದುಡ್ಡು ಕಟ್ತಿದೀವಿ. ಪೆಟ್ಟಿಗೆ ಮೇಲೆ ಹಸಿರು ದೀಪವೂ ಉರೀತಿದೆ.”

ಹಿಂದಿನ ರಾತ್ರಿ ಶಿವಮೊಗ್ಗ ರಸ್ತೆಯಲ್ಲಿ ಮರ ಬಿದ್ದು ಫೈಬರ್ ತುಂಡಾಗಿತ್ತು. ಆದರೆ ತುಂಡಾದದ್ದು ಊರಾಚೆ. ಮಂಡಿಯಿಂದ ಊರೊಳಗಿನ ಇಂಟರ್ನೆಟ್ ಕಚೇರಿಯವರೆಗಿನ ಎಳೆ ಚೆನ್ನಾಗಿಯೇ ಇತ್ತು, ಹೊರ ಜಾಲದ ಮೊದಲ ಬಾಗಿಲಾದ ಗೇಟ್‌ವೇ ಕೂಡ ಆ ಕಚೇರಿಯಲ್ಲೇ ಇತ್ತು. ಮಂಡಿಯ ರೂಟರ್ ಹತ್ತು ಸೆಕೆಂಡಿಗೊಮ್ಮೆ ಗೇಟ್‌ವೇಗೆ ಪಿಂಗ್ ಕಳಿಸಿ ‘ಇದ್ದೀಯಾ?’ ಎಂದು ಕೇಳುತ್ತಿತ್ತು. ‘ಇದ್ದೇನೆ’ ಎಂದು ಅದು ಪ್ರಾಮಾಣಿಕವಾಗಿ ಉತ್ತರಿಸುತ್ತಿತ್ತು. ಹಾಗಾಗಿ ಮಂಡಿಯ ಅಷ್ಟೂ ಪ್ಯಾಕೆಟ್‌ಗಳು (ಡೇಟಾದ ತುಣುಕುಗಳು) ಆ ಲೈನಿಗೇ ಹೋಗಿ ಊರಂಚಿನಲ್ಲಿ ಸಾಯುತ್ತಿದ್ದವು. ಪಕ್ಕದಲ್ಲೇ ಇದ್ದ 4ಜಿ ಪೆಟ್ಟಿಗೆ ಮಾಡಲು ಕೆಲಸವಿಲ್ಲದೆ ಕೂತಿತ್ತು. ಮೊದಲನೇ ಲೈನಿನ ತಂತಿ ಕಿತ್ತುಬಿಡಿ ಎಂದೆ. ಕಿತ್ತರು. ಅರ್ಧ ನಿಮಿಷದಲ್ಲಿ ಬಿಲ್ ಬಂತು, ಲಾರಿ ಹೊರಟಿತು.

ಆ ರೂಟರನ್ನು ಕಾನ್ಫಿಗರ್ ಮಾಡಿದವನು ನಾನೇ. ಒಂದು ಲೈನ್ ಹೋದರೆ ಇನ್ನೊಂದು ತಾನಾಗಿಯೇ ಹಿಡಿಯುತ್ತದೆ ಎಂದು ಹೇಳಿ ಬಂದವನೂ ನಾನೇ.

ಶಿವಮೊಗ್ಗ ಜಿಲ್ಲೆಯ ಸಣ್ಣ, ಮಧ್ಯಮ ವ್ಯಾಪಾರಗಳಿಗೆ ಈಗ ಬಂದಿರುವ ಕಷ್ಟ ಹೆಚ್ಚು ಕಡಿಮೆ ಇದೇ. ಹತ್ತು ವರ್ಷದ ಹಿಂದೆ ನೆಟ್ ಹೋದರೆ ‘ನಾಳೆ ಮಾಡಿದರಾಯಿತು’ ಎನ್ನಬಹುದಿತ್ತು. ಈಗ ₹50,000 ದಾಟಿದ ಸರಕು ಇ-ವೇ ಬಿಲ್ ಇಲ್ಲದೆ ರಸ್ತೆಗಿಳಿಯುವಂತಿಲ್ಲ. 2023ರ ಆಗಸ್ಟ್ 1ರಿಂದ ₹5 ಕೋಟಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯ. ಶಾಖೆಗಳ ಲೆಕ್ಕವೆಲ್ಲ ಶಿವಮೊಗ್ಗದ ಒಂದೇ ಸರ್ವರಿನಲ್ಲಿ. ಇದಕ್ಕೆಲ್ಲ ಪರಿಹಾರವೆಂದು ಜನ ಎರಡನೇ ಲೈನ್ ತೆಗೆದುಕೊಂಡಿದ್ದಾರೆ. ಲೈನ್ ಬಂತು, ಆದರೆ ಯಾವಾಗ ಯಾವ ಲೈನಿನಲ್ಲಿ ಹೋಗಬೇಕು ಎಂದು ತೀರ್ಮಾನಿಸುವ ಬುದ್ಧಿಯನ್ನು ರೂಟರಿಗೆ ಕಲಿಸಿದವರು ಕಡಿಮೆ. ಅಂಗಡಿಯಲ್ಲಿ ರೂಟರ್ ಮಾರುವವರು ‘ಓಎಸ್‌ಪಿಎಫ್ ಇದೆ, ಬಿಜಿಪಿ ಇದೆ’ ಎಂದು ಡಬ್ಬದ ಮೇಲಿನ ಪಟ್ಟಿ ಓದುತ್ತಾರೆ. ಇವು ರೂಟರುಗಳು ತಮ್ಮೊಳಗೆ ದಾರಿ ಹೇಳಿಕೊಳ್ಳುವ ಭಾಷೆಗಳು, ಅಂದರೆ ಪ್ರೊಟೊಕಾಲ್‌ಗಳು. ನಮ್ಮಲ್ಲಿ ಲೈನ್ ಯಾವ ರೀತಿ ಕೆಡುತ್ತದೆ ಎಂದು ತಿಳಿಯದೆ ಆ ಪಟ್ಟಿಯಿಂದ ಆರಿಸಲು ಬರುವುದಿಲ್ಲ.

ವಿಚಾರಣೆ ಕಿಟಕಿ

ರೂಟರಿನ ಕೆಲಸ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯದು. ಪ್ಯಾಕೆಟ್ ಬಂದು ತಾನು ಹೋಗಬೇಕಾದ ಊರು ಹೇಳುತ್ತದೆ, ಕಿಟಕಿಯಾತ ಬಸ್ ತೋರಿಸುತ್ತಾನೆ. ಬಸ್ ಊರು ಮುಟ್ಟಿತೋ ಇಲ್ಲವೋ ಎನ್ನುವುದು ಆತನಿಗೆ ಗೊತ್ತಿರಬೇಕೆಂದಿಲ್ಲ.

ಕಿಟಕಿಯಾತ ಎರಡು ಸೂತ್ರ ಬಿಡುವುದಿಲ್ಲ. ಮೊದಲನೆಯದು, ಹೆಚ್ಚು ನಿಖರವಾದ ಬೋರ್ಡಿಗೆ ಮೊದಲ ಮರ್ಯಾದೆ. ‘ಮಂಗಳೂರು ಕಡೆ’ ಎಂಬ ಬಸ್ಸೂ ‘ಕೊಪ್ಪ’ ಎಂಬ ಬಸ್ಸೂ ನಿಂತಿದ್ದರೆ ಕೊಪ್ಪಕ್ಕೆ ಹೋಗುವವರು ಕೊಪ್ಪದ್ದನ್ನೇ ಹತ್ತಬೇಕು. ರೂಟಿಂಗ್ ಟೇಬಲ್ಲಿನಲ್ಲಿ 10.20.0.0/16 ಮತ್ತು 10.20.3.0/24 ಎರಡೂ ಇದ್ದರೆ 10.20.3.7ಕ್ಕೆ ಹೋಗುವ ಪ್ಯಾಕೆಟ್ ಎರಡನೆಯದನ್ನೇ ಹಿಡಿಯುತ್ತದೆ, ಆ ದಾರಿ ಎಷ್ಟೇ ಕೆಟ್ಟದಿರಲಿ. ಓರೆಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ವಿಳಾಸಗಳ ಗುಂಪು ಚಿಕ್ಕದು, ಬೋರ್ಡು ನಿಖರ. ಎರಡನೆಯದು, ಒಂದೇ ಊರಿಗೆ ಇಬ್ಬರು ಬೇರೆ ಬೇರೆ ದಾರಿ ಹೇಳಿದರೆ ಯಾರ ಮಾತು ನಂಬುವುದು ಎಂಬುದು. ಇದಕ್ಕೆ ಅಂಕಿಗಳಿವೆ, ಕಡಿಮೆ ಅಂಕಿಗೆ ಹೆಚ್ಚು ನಂಬಿಕೆ. ಸಿಸ್ಕೊ ರೂಟರುಗಳಲ್ಲಿ ನೇರ ಜೋಡಣೆಗೆ 0, ಕೈಯಲ್ಲಿ ಬರೆದ ಸ್ಟ್ಯಾಟಿಕ್ ರೂಟಿಗೆ 1, ಹೊರಗಿನ ಬಿಜಿಪಿಗೆ 20, ಇಐಜಿಆರ್‌ಪಿಗೆ 90, ಓಎಸ್‌ಪಿಎಫ್‌ಗೆ 110, ರಿಪ್‌ಗೆ 120. ಬೇರೆ ಕಂಪನಿಗಳಲ್ಲಿ ಅಂಕಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ.

ನೇರ ಜೋಡಣೆ ಬಿಟ್ಟರೆ ಮನುಷ್ಯ ಕೈಯಾರೆ ಬರೆದದ್ದನ್ನು ರೂಟರ್ ಎಲ್ಲಕ್ಕಿಂತ ಹೆಚ್ಚು ನಂಬುತ್ತದೆ ಎಂಬುದೇ ಇದರಲ್ಲಿನ ಅಪಾಯ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಸಿಗಂದೂರಿಗೆ ಹೋಗುವವರು ಈಗ ಲಾಂಚಿಗೆ ಸಾಲು ನಿಲ್ಲಬೇಕಿಲ್ಲ. ಐದು ವರ್ಷ ಊರು ಬಿಟ್ಟಿದ್ದವರನ್ನು ದಾರಿ ಕೇಳಿ ನೋಡಿ, ಲಾಂಚಿನ ಹೊತ್ತನ್ನೇ ಹೇಳುತ್ತಾರೆ. ಸ್ಟ್ಯಾಟಿಕ್ ರೂಟ್ ಅಂಥವರ ಹಾಗೆ. ಬರೆದ ದಿನ ಸರಿಯಾಗಿಯೇ ಇತ್ತು. ದಾರಿ ಬದಲಾದದ್ದು ಅದಕ್ಕೆ ತಿಳಿಯಲಿಲ್ಲ, ತಿಳಿದ ಓಎಸ್‌ಪಿಎಫ್ ಪಕ್ಕದಲ್ಲೇ ಇದ್ದರೂ 1ರ ಮುಂದೆ 110ರ ಮಾತು ನಡೆಯಲಿಲ್ಲ. ಹಳೆಯ ಜಾಲಗಳಲ್ಲಿ ವಿಚಿತ್ರ ತೊಂದರೆ ಕಂಡಾಗ ನಾನು ಮೊದಲು ಹುಡುಕುವುದು ಯಾರೋ ಬರೆದು ಮರೆತ ಒಂದು ಸ್ಟ್ಯಾಟಿಕ್ ಸಾಲನ್ನು.

ಆದರೂ ಸ್ಟ್ಯಾಟಿಕ್ ಎಂದರೆ ಹಗುರವಾಗಿ ಕಾಣಬೇಡಿ. ಶಿವಮೊಗ್ಗದಲ್ಲೊಂದು ಕಚೇರಿ, ಭದ್ರಾವತಿಯಲ್ಲೊಂದು ಶಾಖೆ, ಎರಡಕ್ಕೂ ಒಂದೊಂದೇ ಲೈನ್ ಎಂದಿಟ್ಟುಕೊಳ್ಳಿ. ಅಲ್ಲಿ ಇರುವುದೇ ಒಂದು ದಾರಿ, ಅದು ಹೋದರೆ ಯಾವ ಪ್ರೊಟೊಕಾಲೂ ಇನ್ನೊಂದನ್ನು ಹುಟ್ಟಿಸಲಾರದು. ಎರಡು ಸಾಲು ಬರೆದು ಮುಗಿಸಿ. ಅಂಥ ಕಡೆ ಓಎಸ್‌ಪಿಎಫ್ ಹಾಕುವವರು ಬಿಲ್ ಹೆಚ್ಚಿಸಲು ಹಾಕುತ್ತಾರೆ ಎಂದೇ ನನ್ನ ಅನುಮಾನ.

ಅರ್ಧ ಸತ್ತ ಲೈನು

ಪುಸ್ತಕದಲ್ಲಿ ಲೈನ್ ಇರುತ್ತದೆ ಅಥವಾ ಇರುವುದಿಲ್ಲ. ಮಲೆನಾಡಿನಲ್ಲಿ ಮೂರನೆಯ ಸ್ಥಿತಿಯೇ ಹೆಚ್ಚು: ಇದ್ದೂ ಇಲ್ಲದಿರುವುದು. ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲೋ ಮಧ್ಯದಲ್ಲಿ ಕೇಬಲ್ ಕತ್ತರಿಸುತ್ತದೆ, ನಿಮ್ಮ ಪೆಟ್ಟಿಗೆಯ ದೀಪ ಹಸಿರಾಗಿಯೇ ಇರುತ್ತದೆ. ಕರೆಂಟು ಹೋಗಿ ಎಂಟು ಗಂಟೆಯಾದ ಮೇಲೆ ಟವರಿನ ಬ್ಯಾಟರಿ ಇಳಿಯುತ್ತದೆ, ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಕಾಣುತ್ತದೆ, ಡೇಟಾ ಹರಿಯುವುದಿಲ್ಲ. ಗುಡ್ಡದಿಂದ ಗುಡ್ಡಕ್ಕೆ 5 ಗಿಗಾಹರ್ಟ್ಸ್ ರೇಡಿಯೊ ಹಾಕಿದವರು ಮಳೆಯನ್ನು ಬೈಯುತ್ತಾರೆ. ಆ ಕಂಪನಾಂಕದಲ್ಲಿ ಮಳೆಹನಿ ಮಾಡುವ ಹಾನಿ ಅಲ್ಪ. ಹಾನಿ ಮಾಡುವುದು ಬೇಸಿಗೆಯಲ್ಲಿ ಕಾಣದಿದ್ದ, ಮಳೆಗೆ ಚಿಗುರಿ ದಾರಿಗೆ ಅಡ್ಡ ಬಂದ ಒದ್ದೆ ಎಲೆಗಳು. 10 ಗಿಗಾಹರ್ಟ್ಸ್ ದಾಟಿದ ಮೇಲೆ ಮಳೆಯೇ ಶತ್ರು, 60 ಗಿಗಾಹರ್ಟ್ಸ್ ಪೆಟ್ಟಿಗೆಗಳು ಆಗುಂಬೆ ಕಡೆಯ ಮಳೆಗೆ ಹೇಳಿಮಾಡಿಸಿದ್ದಲ್ಲವೇ ಅಲ್ಲ.

ಹಾಗಾಗಿ ಲೈನ್ ಬದುಕಿದೆಯೇ ಎಂದು ಗೇಟ್‌ವೇಯನ್ನು ಕೇಳಬಾರದು, ದೂರದವರನ್ನು ಕೇಳಬೇಕು. ನಾನು ಈಗ ಪ್ರತಿ ಲೈನಿಗೆ ಎರಡು ದೂರದ ವಿಳಾಸ ಇಟ್ಟು ಪಿಂಗ್ ಮಾಡಿಸುತ್ತೇನೆ. ಮೊದಲ ಲೈನಿನ ಗುರಿಗೆ ಹೋಗುವ ಪಿಂಗ್ ಮೊದಲ ಲೈನಿನಲ್ಲೇ ಹೋಗುವಂತೆ ಆ ಒಂದು ವಿಳಾಸಕ್ಕೆ ಮಾತ್ರ ಪ್ರತ್ಯೇಕ ರೂಟ್ ಬರೆದು ಕಟ್ಟಿಹಾಕಬೇಕು. ಇಲ್ಲವಾದರೆ ತಮಾಷೆ ಆಗುತ್ತದೆ: ಮೊದಲ ಲೈನ್ ಸಾಯುತ್ತದೆ, ಎಲ್ಲವೂ ಎರಡನೆಯದಕ್ಕೆ ಹೋಗುತ್ತದೆ, ಪಿಂಗ್ ಕೂಡ ಎರಡನೆಯದರಲ್ಲಿ ಹೋಗಿ ಉತ್ತರ ತರುತ್ತದೆ, ‘ಓ, ಮೊದಲ ಲೈನ್ ಬಂತು’ ಎಂದು ರೂಟರ್ ಮತ್ತೆ ಸತ್ತ ಲೈನಿಗೆ ಮರಳುತ್ತದೆ. ದಿನವಿಡೀ ಹೀಗೆ ಜೋಕಾಲಿ. ಒಂದೇ ಗುರಿ ಇಟ್ಟರೂ ತೊಂದರೆ, ಆ ಗುರಿಯವರು ಯಾವತ್ತೋ ಪಿಂಗಿಗೆ ಉತ್ತರಿಸುವುದು ನಿಲ್ಲಿಸಿದರೆ ಒಳ್ಳೆಯ ಲೈನೂ ಸತ್ತಂತೆ ಕಾಣುತ್ತದೆ.

ಬಿಡಲು ಎಷ್ಟು ಹೊತ್ತು, ಮರಳಲು ಎಷ್ಟು ಹೊತ್ತು ಎಂಬ ಎರಡು ಅಂಕಿಗಳನ್ನು ಒಂದೇ ಮಾಡಬೇಡಿ. ನಾನು ಬಿಡಲು ಹದಿನೈದು ಸೆಕೆಂಡು, ಮರಳಲು ಐದು ನಿಮಿಷ ಇಡುತ್ತೇನೆ. ಲೈನ್‌ಮ್ಯಾನ್ ಕಂಬ ಹತ್ತಿ ಜೋಡಿಸುವಾಗ ಫೈಬರ್ ನಾಲ್ಕು ಸಲ ಬಂದು ಹೋಗುತ್ತದೆ. ಪ್ರತಿ ಸಲ ಓಡಿಹೋದರೆ ಬಿಲ್ಲಿಂಗ್ ಹುಡುಗಿ ನಾಲ್ಕು ಸಲ ಲಾಗಿನ್ ಆಗಬೇಕು. ಇಂಟರ್ನೆಟ್ ಲೈನ್ ಬದಲಾದರೆ ಹೊರಗೆ ಕಾಣುವ ನಿಮ್ಮ ವಿಳಾಸವೂ ಬದಲಾಗುತ್ತದೆ, ಬ್ಯಾಂಕಿನ ಪೋರ್ಟಲ್ ಹೊರಗೆ ತಳ್ಳುತ್ತದೆ. ಒಳಗಿನ ರೂಟಿಂಗ್ ಎಷ್ಟು ಚುರುಕಾಗಿದ್ದರೂ ಇದನ್ನು ತಪ್ಪಿಸಲಾಗದು.

ಬಾಯಿಮಾತು ಮತ್ತು ನಕ್ಷೆ

ಶಾಖೆಗಳು ನಾಲ್ಕಾರು ಆದವು, ಪ್ರತಿಯೊಂದಕ್ಕೂ ಎರಡು ಲೈನ್ ಎಂದಾಗ ಕೈಬರಹ ಸೋಲುತ್ತದೆ. ಆರು ಶಾಖೆಗೆ ಹನ್ನೆರಡು ದಾರಿ, ಎಲ್ಲೋ ಒಂದು ಹೊಸ ಗೋದಾಮು ಬಂದರೆ ಏಳು ಕಡೆ ತಿದ್ದುಪಡಿ. ಇಲ್ಲಿಂದ ಮುಂದೆ ರೂಟರುಗಳೇ ಮಾತಾಡಿಕೊಳ್ಳಬೇಕು.

ಹಳೆಯದು ರಿಪ್. 1988ರಲ್ಲಿ ಬರಹಕ್ಕಿಳಿದ ಪ್ರೊಟೊಕಾಲ್. ಪ್ರತಿ 30 ಸೆಕೆಂಡಿಗೊಮ್ಮೆ ನೆರೆಯ ರೂಟರಿಗೆ ‘ನನಗೆ ಗೊತ್ತಿರುವ ಊರುಗಳು ಇಷ್ಟು, ಇಷ್ಟಿಷ್ಟು ಹೆಜ್ಜೆ ದೂರ’ ಎಂದು ಕೂಗುತ್ತದೆ. ನೆರೆಯವನು ಒಂದು ಹೆಜ್ಜೆ ಕೂಡಿಸಿ ಮುಂದಿನವನಿಗೆ ಹೇಳುತ್ತಾನೆ. 15 ಹೆಜ್ಜೆಗೆ ಮಿತಿ, 16 ಎಂದರೆ ಮುಟ್ಟಲಾಗದ ಊರು. ಇದರ ದೋಷ ನಮ್ಮೂರಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ: ಅದಕ್ಕೆ ಹಳ್ಳಕ್ಕೆ ಹಾಕಿದ ಕಾಲುಸಂಕವೂ ಒಂದೇ, ಹೆದ್ದಾರಿ ಸೇತುವೆಯೂ ಒಂದೇ. ಕಾಲುಸಂಕ ದಾಟಿದರೆ ಒಂದು ಹೆಜ್ಜೆ ಉಳಿಯುತ್ತದೆ ಎಂದಾದರೆ ಅಡಿಕೆ ಲಾರಿಯನ್ನು ಅದರ ಮೇಲೆಯೇ ಹತ್ತಿಸುತ್ತದೆ. ಜೊತೆಗೆ ನೆರೆಯವನು ಸುಮ್ಮನಾದ ಮೇಲೆ ಸತ್ತನೆಂದು ತಿಳಿಯಲು ಮೂರು ನಿಮಿಷ. ಹೊಸದಾಗಿ ಹಾಕಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಇಐಜಿಆರ್‌ಪಿ ಒಳ್ಳೆಯದು, ಚುರುಕು, ವೇಗವನ್ನೂ ವಿಳಂಬವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಿಸ್ಕೊ ತನ್ನ ಸೊತ್ತಾಗಿದ್ದ ಇದರ ವಿವರವನ್ನು 2016ರಲ್ಲಿ ಆರ್‌ಎಫ್‌ಸಿ 7868 ಎಂಬ ಸಾರ್ವಜನಿಕ ದಾಖಲೆಯಾಗಿ ಹೊರಗಿಟ್ಟಿತು. ಹೊರಗಿಟ್ಟರೂ ಬೇರೆ ಕಂಪನಿಗಳು ಕೈಗೆತ್ತಿಕೊಂಡದ್ದು ಅಪರೂಪ. ನಮ್ಮ ಕಡೆ ಕಚೇರಿಯಲ್ಲೊಂದು ಕಂಪನಿಯ ಪೆಟ್ಟಿಗೆ, ಶಾಖೆಯಲ್ಲಿ ಇನ್ನೊಂದು, ಗೋದಾಮಿನಲ್ಲಿ ಸೆಕೆಂಡ್ ಹ್ಯಾಂಡ್. ಆದ್ದರಿಂದ ಅದನ್ನು ಬಿಡೋಣ.

ಉಳಿಯುವುದು ಓಎಸ್‌ಪಿಎಫ್. ಈಗ ಬಳಕೆಯಲ್ಲಿರುವ ಎರಡನೇ ಆವೃತ್ತಿಯ ಮುಖ್ಯ ದಾಖಲೆ 1998ರದ್ದು. ಇಲ್ಲಿ ಬಾಯಿಮಾತಿಲ್ಲ, ನಕ್ಷೆಯಿದೆ. ಪ್ರತಿ ರೂಟರ್ ತನಗೆ ಅಂಟಿದ ಲಿಂಕುಗಳು ಯಾವುವು, ಪ್ರತಿಯೊಂದರ ಖರ್ಚು ಎಷ್ಟು ಎಂದಷ್ಟೇ ಬರೆದು ಎಲ್ಲರಿಗೂ ಹಂಚುತ್ತದೆ. ಎಲ್ಲರ ಚೀಟಿ ಸೇರಿಸಿದರೆ ಪೂರ್ತಿ ಜಾಲದ ನಕ್ಷೆ ಪ್ರತಿಯೊಬ್ಬರ ಕೈಯಲ್ಲೂ ಸಿದ್ಧ. ಆ ನಕ್ಷೆಯ ಮೇಲೆ ಅತಿ ಕಡಿಮೆ ಖರ್ಚಿನ ದಾರಿಯನ್ನು ಪ್ರತಿ ರೂಟರ್ ತಾನೇ ಲೆಕ್ಕ ಹಾಕುತ್ತದೆ. ಲೆಕ್ಕದ ವಿಧಾನ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ್ದು. ಎಲ್ಲೋ ಒಂದು ಲಿಂಕ್ ಬಿದ್ದರೆ ಅದನ್ನು ಕಂಡವನು ಚೀಟಿ ಬದಲಿಸಿ ಹಂಚುತ್ತಾನೆ, ಎಲ್ಲರೂ ಮತ್ತೆ ಲೆಕ್ಕ ಹಾಕುತ್ತಾರೆ.

ಹೇಳಲು ಇಷ್ಟೇ. ಹಾಕಲು ಹೋದರೆ ಎಡವುವ ಕಲ್ಲುಗಳು ಹಲವು. ಒಂದೊಂದಾಗಿ ಎಡವಿದವನಾಗಿ ಬರೆಯುತ್ತಿದ್ದೇನೆ.

ಮೊದಲು ಖರ್ಚು. ಸಿಸ್ಕೊದಲ್ಲಿ ಖರ್ಚು ಎಂದರೆ 100 ಎಂಬಿಪಿಎಸ್ ಅನ್ನು ಲಿಂಕಿನ ವೇಗದಿಂದ ಭಾಗಿಸಿದ್ದು. 10 ಎಂಬಿಪಿಎಸ್‌ಗೆ 10, 100ಕ್ಕೆ 1. ಹಾಗಾದರೆ 1 ಗಿಗಾಬಿಟ್ ಲಿಂಕಿಗೆ? ಒಂದಕ್ಕಿಂತ ಕೆಳಗೆ ಇಳಿಯಲು ಬಾರದ್ದರಿಂದ ಅದಕ್ಕೂ 1. ಅಂದರೆ ಹೊಸ ಫೈಬರಿಗೂ ಹಳೆಯ 100ರ ಲಿಂಕಿಗೂ ಓಎಸ್‌ಪಿಎಫ್ ಕಣ್ಣಿನಲ್ಲಿ ಭೇದವೇ ಇಲ್ಲ. ಕಾಲುಸಂಕದ ಕತೆಯೇ ಮತ್ತೆ. ಭಾಜ್ಯವನ್ನು 10,000 ಎಂಬಿಪಿಎಸ್‌ಗೆ ಏರಿಸಿದರೆ ಗಿಗಾಬಿಟ್‌ಗೆ 10, ನೂರಕ್ಕೆ 100 ಆಗುತ್ತದೆ. ಏರಿಸುವುದಾದರೆ ಎಲ್ಲ ರೂಟರಿನಲ್ಲೂ ಏರಿಸಬೇಕು, ಒಂದು ಬಿಟ್ಟರೆ ಆ ಒಂದು ಬೇರೆ ಮಾಪಿನಲ್ಲಿ ಅಳೆಯುತ್ತದೆ. ಟನೆಲ್‌ಗಳ (ಇಂಟರ್ನೆಟ್ಟಿನೊಳಗೆ ಶಾಖೆಯಿಂದ ಕಚೇರಿಗೆ ಹೂಡುವ ಖಾಸಗಿ ಸುರಂಗಗಳ) ವಿಷಯದಲ್ಲಂತೂ ರೂಟರ್ ಊಹಿಸುವ ವೇಗಕ್ಕೆ ಅರ್ಥವೇ ಇಲ್ಲ. ಅಲ್ಲಿ ಕೈಯಲ್ಲೇ ಬರೆಯಿರಿ: ಫೈಬರ್ ಟನೆಲ್‌ಗೆ 10, 4ಜಿ ಟನೆಲ್‌ಗೆ 100. ಎರಡೂ ತುದಿಯಲ್ಲಿ ಬರೆಯಿರಿ. ಖರ್ಚು ಲೆಕ್ಕಕ್ಕೆ ಬರುವುದು ಹೊರಹೋಗುವ ದಿಕ್ಕಿಗೆ ಮಾತ್ರ. ಶಾಖೆಯ ತುದಿಯಲ್ಲಿ ಬರೆದು ಶಿವಮೊಗ್ಗದ ತುದಿಯಲ್ಲಿ ಮರೆತರೆ ಹೋಗುವುದು ಫೈಬರಿನಲ್ಲಿ, ಬರುವುದು ಮೊಬೈಲಿನಲ್ಲಿ ಆಗಬಹುದು. ಮಧ್ಯದ ಫೈರ್‌ವಾಲ್ ಹೋದದ್ದನ್ನು ಕಾಣದೆ ಬಂದದ್ದನ್ನು ತಡೆಯುತ್ತದೆ.

ಎರಡನೆಯದು ಟನೆಲ್. ಇಲ್ಲಿಯ ಫೈಬರ್ ಆಗಲಿ ಮೊಬೈಲ್ ಆಗಲಿ, ಶಾಖೆಗೆ ತನ್ನದೇ ಸಾರ್ವಜನಿಕ ವಿಳಾಸ ಸಿಗುವುದು ಕಡಿಮೆ. ರೂಟರಿನಲ್ಲಿ ಇಂಟರ್ನೆಟ್ ಕಡೆಯ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೂರಾರು ಗಿರಾಕಿಗಳು ಒಂದೇ ವಿಳಾಸ ಹಂಚಿಕೊಂಡಿದ್ದಾರೆ ಎಂದರ್ಥ. ಹೊರಗಿನಿಂದ ಆ ಶಾಖೆಯ ಬಾಗಿಲು ತಟ್ಟಲಾಗದು. ಶಿವಮೊಗ್ಗದ ಕಚೇರಿಗೆ ಸ್ಥಿರ ವಿಳಾಸ ಕೊಂಡು, ಶಾಖೆಗಳೇ ಅದರತ್ತ ಟನೆಲ್ ಹೂಡಬೇಕು. ನನ್ನ ಆಯ್ಕೆ ವೈರ್‌ಗಾರ್ಡ್ ಎಂಬ ಟನೆಲ್ ತಂತ್ರಾಂಶ, ಪ್ರತಿ ಶಾಖೆಯ ಪ್ರತಿ ಲೈನಿಗೆ ಪ್ರತ್ಯೇಕ ಇಂಟರ್‌ಫೇಸ್, ದಾರಿ ಮುಚ್ಚದಂತೆ 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್. ‘ನಾನಿದ್ದೇನೆ’ ಎಂದು ನೆರೆಯವನಿಗೆ ತಿಳಿಸುವ ಓಎಸ್‌ಪಿಎಫ್‌ನ ಹಲೋಗಳು 224.0.0.5 ಎಂಬ ಮಲ್ಟಿಕಾಸ್ಟ್ (ಕೇಳುವವರಿಗೆಲ್ಲ ಒಟ್ಟಿಗೆ ಮುಟ್ಟುವ) ವಿಳಾಸಕ್ಕೆ ಹೋಗುತ್ತವೆ. ವೈರ್‌ಗಾರ್ಡಿನಲ್ಲಿ ಅನುಮತಿ ಕೊಟ್ಟ ವಿಳಾಸಗಳ ಪಟ್ಟಿಗೆ ಅದನ್ನೂ ಸೇರಿಸದಿದ್ದರೆ ಟನೆಲ್ ನಡೆಯುತ್ತದೆ, ಎರಡು ರೂಟರುಗಳ ನಡುವೆ ಮಾತುಕತೆ, ಅಂದರೆ ನೆರೆತನ, ಕೂಡುವುದಿಲ್ಲ. ಐಪಿಸೆಕ್ ಎಂಬ ಇನ್ನೊಂದು ಬಗೆಯ ಟನೆಲ್ ಬಳಸುವವರು ಅದರೊಳಗೆ ಮಲ್ಟಿಕಾಸ್ಟ್ ಹೊರಬಲ್ಲ ಜಿಆರ್‌ಇ ಟನೆಲ್ ಇಡುವುದೂ ಇದೇ ಕಾರಣಕ್ಕೆ.

ಎರಡು ಟನೆಲ್ ಹೂಡಿದೆವು ಎಂದ ಮಾತ್ರಕ್ಕೆ ಅವು ಎರಡು ಲೈನಿನಲ್ಲಿ ಹೋಗುತ್ತಿವೆ ಎಂದಲ್ಲ. ಎರಡೂ ಡಿಫಾಲ್ಟ್ ದಾರಿ (ಬೇರೆ ಬೋರ್ಡ್ ಇಲ್ಲದ ಊರುಗಳಿಗೆಲ್ಲ ತೋರಿಸುವ ಬಸ್) ಹಿಡಿದು ಒಂದೇ ಫೈಬರಿನೊಳಗೆ ಜೋಡಿಯಾಗಿ ಹೋಗುತ್ತಿದ್ದ ಜಾಲವನ್ನು ನೋಡಿದ್ದೇನೆ. ಕಚೇರಿಗೆ ಎರಡು ಸ್ಥಿರ ವಿಳಾಸ ಇದ್ದರೆ, ಶಾಖೆಯಲ್ಲಿ ಮೊದಲ ವಿಳಾಸಕ್ಕೆ ಫೈಬರ್, ಎರಡನೆಯದಕ್ಕೆ 4ಜಿ ಎಂದು ಸ್ಟ್ಯಾಟಿಕ್ ಸಾಲು ಬರೆದುಬಿಡಿ. ಇಲ್ಲಿ ಸ್ಟ್ಯಾಟಿಕ್‌ನ ಮೊಂಡುತನವೇ ಬೇಕಾದದ್ದು. ಅದಿಲ್ಲದೆ ಹೋದರೆ ಇನ್ನೊಂದು ಅವಘಡಕ್ಕೂ ದಾರಿಯಾಗುತ್ತದೆ: ಕಚೇರಿಯ ಹೊರ ವಿಳಾಸಕ್ಕೆ ಹೋಗುವ ದಾರಿಯನ್ನೇ ಓಎಸ್‌ಪಿಎಫ್ ಟನೆಲ್ ಒಳಗಿನಿಂದ ಕಲಿತುಬಿಡುತ್ತದೆ. ಟನೆಲ್ ತನ್ನೊಳಗೆ ತಾನೇ ಹೊಕ್ಕು ಬೀಳುತ್ತದೆ, ಬಿದ್ದ ಮೇಲೆ ಹಳೆಯ ದಾರಿ ಸಿಕ್ಕಿ ಏಳುತ್ತದೆ, ಎದ್ದ ಮೇಲೆ ಮತ್ತೆ ಹೊಗುತ್ತದೆ.

ಮೂರನೆಯದು ಎಂಟಿಯು, ಅಂದರೆ ಲಿಂಕ್ ಒಂದೇ ಸಲಕ್ಕೆ ಹೊರಬಲ್ಲ ಪ್ಯಾಕೆಟಿನ ಗಾತ್ರ. ಸಾಮಾನ್ಯ ಈಥರ್‌ನೆಟ್‌ಗೆ 1500 ಬೈಟ್, ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ) ಫೈಬರಿಗೆ 1492, ವೈರ್‌ಗಾರ್ಡಿಗೆ ವಾಡಿಕೆಯ 1420. ಎರಡು ತುದಿಯಲ್ಲಿ ಅಂಕಿ ಬೇರೆಯಾದರೆ ಓಎಸ್‌ಪಿಎಫ್ ನೆರೆತನ ಎಕ್ಸ್‌ಸ್ಟಾರ್ಟ್ ಎಂಬ ಹಂತದಲ್ಲಿ ಸಿಕ್ಕಿಕೊಂಡು ಮುಂದೆ ಹೋಗುವುದಿಲ್ಲ. ಹಲೋ ಚಿಕ್ಕದು, ಸಲೀಸಾಗಿ ನುಸುಳುತ್ತದೆ. ನಕ್ಷೆ ವಿನಿಮಯ ಶುರುವಾದಾಗ ಗಂಟಲಿಗೆ ಸಿಕ್ಕುತ್ತದೆ. ಅಂಕಿ ಸಮವಾಗಿದ್ದೂ ಮಧ್ಯದ ಮೊಬೈಲ್ ಜಾಲ ಕಿರಿದಾಗಿದ್ದರೆ ಪಿಂಗ್ ಹೋಗುತ್ತದೆ, ಸಣ್ಣ ಬಿಲ್ ತೆರೆಯುತ್ತದೆ, ತಿಂಗಳ ಲೆಜ್ಜರ್ ಮಾತ್ರ ತೆರೆಯುವುದಿಲ್ಲ. ‘ನೆಟ್ ಸ್ಲೋ’ ಎಂದು ಬರುವ ದೂರುಗಳಲ್ಲಿ ಇದು ಎಷ್ಟೋ. ಎರಡೂ ಕಡೆ ಒಂದೇ ಎಂಟಿಯು ಬರೆದು, ಟಿಸಿಪಿ ಎಂಎಸ್‌ಎಸ್ (ಪ್ಯಾಕೆಟಿನೊಳಗೆ ತುಂಬುವ ಡೇಟಾದ ಗರಿಷ್ಠ ಗಾತ್ರ) ಅನ್ನು ಅದಕ್ಕೆ ತಕ್ಕಂತೆ ಇಳಿಸಿದರೆ ಮುಗಿಯಿತು.

ಇನ್ನು ಗಡಿಯಾರ. ಹಲೋ 10 ಸೆಕೆಂಡಿಗೊಮ್ಮೆ, 40 ಸೆಕೆಂಡು ಕೇಳಿಸದಿದ್ದರೆ ನೆರೆಯವನು ಸತ್ತ, ಇದು ವಾಡಿಕೆ. ಫೈಬರ್ ಟನೆಲ್‌ಗೆ ನಾನು 3 ಮತ್ತು 12ಕ್ಕೆ ಇಳಿಸುತ್ತೇನೆ, ಎರಡೂ ತುದಿಯಲ್ಲಿ. ಒಂದು ತುದಿಯಲ್ಲಿ ಇಳಿಸಿದರೆ ನೆರೆತನವೇ ಮುರಿಯುತ್ತದೆ. 4ಜಿ ಟನೆಲ್ ಇದ್ದ ಹಾಗೆಯೇ ಇರಲಿ, ಮೊಬೈಲಿನಲ್ಲಿ ಹತ್ತು ಸೆಕೆಂಡು ಉಸಿರು ಹಿಡಿಯುವುದು ಮಾಮೂಲು. ಸೆಕೆಂಡಿನೊಳಗೆ ಪತ್ತೆಹಚ್ಚುವ ಬಿಎಫ್‌ಡಿ ಎಂಬ ಉಪಾಯವಿದೆ. ಸ್ವಂತ ಫೈಬರ್ ಇರುವ ಆಸ್ಪತ್ರೆಗೋ ಕಾರ್ಖಾನೆಗೋ ಅದು ಸರಿ. ಮಳೆಗಾಲದ ಬಾಡಿಗೆ ಲೈನಿಗೆ ಹಾಕಿದರೆ ಗುಬ್ಬಿ ಹಾರಿದರೂ ಬೆಚ್ಚುವ ಕಾವಲುಗಾರನನ್ನು ಇಟ್ಟಂತೆ.

ಗಮನಿಸಿ, ತೀರ್ಥಹಳ್ಳಿಯ ಆ ಅರ್ಧ ಸತ್ತ ಲೈನಿಗೆ ಇಲ್ಲಿ ಪ್ರತ್ಯೇಕ ಔಷಧಿಯೇ ಬೇಡ. ಹಲೋ ಹೋಗಬೇಕಾದ್ದು ಗೇಟ್‌ವೇಗಲ್ಲ, ಟನೆಲ್ ಒಳಗಿಂದ ಶಿವಮೊಗ್ಗದ ರೂಟರಿಗೆ. ಮಧ್ಯದಲ್ಲಿ ಎಲ್ಲಿ ತುಂಡಾದರೂ ಹಲೋ ಮುಟ್ಟುವುದಿಲ್ಲ, ದಾರಿ ತಾನೇ ಬದಲಾಗುತ್ತದೆ. ಒಳಗಿನ ವಿಳಾಸ ಬದಲಾಗದ್ದರಿಂದ ಸರ್ವರಿನ ಸೆಷನ್ನೂ ಸಾಮಾನ್ಯವಾಗಿ ಉಳಿಯುತ್ತದೆ. ಟನೆಲ್ ಮೇಲಿನ ಓಎಸ್‌ಪಿಎಫ್ ಅನ್ನು ನಾನು ಮೆಚ್ಚುವುದು ಮುಖ್ಯವಾಗಿ ಇದಕ್ಕೇ.

ಉಳಿದವನ್ನು ಬೇಗ ಹೇಳುತ್ತೇನೆ. ಏಳೆಂಟು ಶಾಖೆಗೆ ಏರಿಯಾ 0 ಒಂದೇ ಸಾಕು, ಏರಿಯಾ ಒಡೆಯುವುದು, ಅಂದರೆ ನಕ್ಷೆಯನ್ನು ತುಂಡು ಮಾಡುವುದು, ಪರೀಕ್ಷೆಗೆ ಓದಿದವರ ಚಟ. ಟನೆಲ್ ಇಂಟರ್‌ಫೇಸನ್ನು ಪಾಯಿಂಟ್-ಟು-ಪಾಯಿಂಟ್ ಎಂದು ಬರೆದರೆ ಮುಖಂಡನನ್ನು ಆರಿಸುವ ಚುನಾವಣೆ ನಡೆಯುವುದಿಲ್ಲ. ಅಂಗಡಿಯ ಒಳಜಾಲದ ಕಡೆ ಪ್ಯಾಸಿವ್ ಮಾಡಿ, ಇಲ್ಲವಾದರೆ ರೂಟರ್ ಅಲ್ಲೂ ಹಲೋ ಕೂಗುತ್ತಿರುತ್ತದೆ, ಯಾರೋ ಚುಚ್ಚಿದ ಇನ್ನೊಂದು ಪೆಟ್ಟಿಗೆ ‘ಇಂಟರ್ನೆಟ್ ನನ್ನ ಕಡೆಯಿಂದ’ ಎಂದು ಘೋಷಿಸಿದರೆ ಇಡೀ ಜಾಲ ನಂಬುತ್ತದೆ. ನೆರೆತನಕ್ಕೆ ಪಾಸ್‌ವರ್ಡ್ ಇರಲಿ. ಯುಪಿಐ, ಜಿಎಸ್‌ಟಿ ಪೋರ್ಟಲ್ ಇವೆಲ್ಲ ಶಾಖೆಯಿಂದಲೇ ನೇರ ಹೊರಗೆ ಹೋಗಲಿ, ಒಳಜಾಲದ 10.20.0.0/16 ಮಾತ್ರ ಟನೆಲ್ ಹಿಡಿಯಲಿ. ಎಲ್ಲವನ್ನೂ ಶಿವಮೊಗ್ಗಕ್ಕೆ ಎಳೆದು ಅಲ್ಲಿಂದ ಹೊರಗೆ ಬಿಡುವವರು ಡಿಫಾಲ್ಟ್ ರೂಟನ್ನು ‘ಯಾವಾಗಲೂ ಘೋಷಿಸು’ ಎಂದು ಬರೆಯಬಾರದು. ಕಚೇರಿಯ ಇಂಟರ್ನೆಟ್ ಸತ್ತಾಗಲೂ ಅದು ‘ನನ್ನಲ್ಲಿಗೆ ಬನ್ನಿ’ ಎಂದು ಕರೆಯುತ್ತಲೇ ಇರುತ್ತದೆ.

ಬಿಜಿಪಿ ಯಾರಿಗೆ

1989ರಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೊವ್ ರೆಕ್ಟರ್ ಊಟದ ಹೊತ್ತಿನಲ್ಲಿ ನ್ಯಾಪ್‌ಕಿನ್ ಮೇಲೆ ಗೀಚಿದ್ದು ಇವತ್ತು ಇಡೀ ಇಂಟರ್ನೆಟ್ಟನ್ನು ಹೊತ್ತಿದೆ. ಬಿಜಿಪಿಗೆ ವೇಗ ಮುಖ್ಯವಲ್ಲ, ಧೋರಣೆ ಮುಖ್ಯ. ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ಬೇಡ ಎಂದು ಆದೇಶವಾದರೆ ದಾರಿ ಹತ್ತಿರವಾದರೂ ಲಾರಿ ಬೇರೆ ಘಾಟಿ ಹಿಡಿಯಬೇಕು. ಅದು ದೂರದ ಲೆಕ್ಕವಲ್ಲ, ಆದೇಶದ ಲೆಕ್ಕ. ಬಿಜಿಪಿ ಅಂಥ ಆದೇಶಗಳ ಭಾಷೆ.

ನಿಮ್ಮ ಸ್ವಂತ ವಿಳಾಸಗಳನ್ನು ಎರಡು ಕಂಪನಿಗಳ ಮೂಲಕ ಜಗತ್ತಿಗೆ ಸಾರಬೇಕಿದ್ದರೆ ಬಿಜಿಪಿ ಬೇಕು. ಅದಕ್ಕೆ ಭಾರತದಲ್ಲಿ ಇಂಟರ್ನೆಟ್ ವಿಳಾಸ ಹಂಚುವ ಐಆರ್‌ಐಎನ್‌ಎನ್‌ನಿಂದ ಎಎಸ್ ಸಂಖ್ಯೆ (ಜಾಲದ ಗುರುತಿನ ಸಂಖ್ಯೆ), ಕನಿಷ್ಠ /24 ಅಂದರೆ 256 ವಿಳಾಸಗಳು ಬೇಕು. ಅದಕ್ಕಿಂತ ಚಿಕ್ಕ ತುಂಡನ್ನು ಹೊರಗಿನ ಜಾಲಗಳು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ವಿಶ್ವವಿದ್ಯಾಲಯಕ್ಕೆ, ಊರಿನ ಇಂಟರ್ನೆಟ್ ಕಂಪನಿಗೆ ಸರಿ. ಅಡಿಕೆ ಮಂಡಿಗೆ, ನರ್ಸಿಂಗ್ ಹೋಮಿಗೆ ಬೇಡ. ಒಂದು ಅಪವಾದ: ಲೆಕ್ಕದ ಸರ್ವರನ್ನು ಅಮೆಜಾನ್ ಕ್ಲೌಡಿಗೆ ಸಾಗಿಸಿದವರು. ಅದರ ಸೈಟ್-ಟು-ಸೈಟ್ ವಿಪಿಎನ್‌ನಲ್ಲಿ (ಕಚೇರಿಯಿಂದ ಕ್ಲೌಡಿಗೆ ಹೂಡುವ ಟನೆಲ್) ದಾರಿ ತಾನಾಗಿ ಬದಲಾಗಬೇಕೆಂದರೆ ಇರುವ ಭಾಷೆ ಬಿಜಿಪಿ ಒಂದೇ. ಅಲ್ಲಿ 64512ರಿಂದ 65534ರ ನಡುವಿನ ಖಾಸಗಿ ಸಂಖ್ಯೆ ಸಾಕು, ಯಾರನ್ನೂ ಕೇಳಬೇಕಿಲ್ಲ.

ಬಿಜಿಪಿಯ ದೊಡ್ಡ ಅನಾಹುತಗಳು ನಮ್ಮಂಥ ಸಣ್ಣವರಿಗೂ ಪಾಠವೇ. 2008ರ ಫೆಬ್ರುವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲೆಂದು ಹಾಕಿದ ರೂಟ್ ಹೊರಗೆ ಸೋರಿತು. ಯೂಟ್ಯೂಬ್ ಸಾರುತ್ತಿದ್ದುದು /22, ಸೋರಿದ್ದು ಅದರೊಳಗಿನ /24. ವಿಚಾರಣೆ ಕಿಟಕಿಯ ಮೊದಲ ಸೂತ್ರ ನೆನಪಿದೆಯಲ್ಲ, ಕೊಪ್ಪದ ಬೋರ್ಡೇ ಗೆದ್ದಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ತನ್ನ ಬೆನ್ನೆಲುಬಿನ ಜಾಲದಲ್ಲಿ ಮಾಡಿದ ತಪ್ಪಿನಿಂದ ಅದರ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸಗಳ ರೂಟುಗಳೇ ಹಿಂದೆ ಸರಿದು ಆರು ಗಂಟೆಯಷ್ಟು ಹೊತ್ತು ಮಾಯವಾಯಿತು. ದೂರದಿಂದ ಸರಿಪಡಿಸಲು ಬೇಕಿದ್ದ ದಾರಿಯೂ ಅದೇ ಆಗಿದ್ದರಿಂದ ಎಂಜಿನಿಯರುಗಳು ಡೇಟಾ ಸೆಂಟರಿಗೆ ಖುದ್ದಾಗಿ ಹೋಗಬೇಕಾಯಿತು.

ಶಿವಮೊಗ್ಗದಲ್ಲಿ ಕೂತು ಸಾಗರದ ರೂಟರಿನಲ್ಲಿ ಒಂದು ಸಾಲು ತಪ್ಪಾಗಿ ಒತ್ತಿದವರಿಗೂ ಇದೇ ಗತಿ, ಸುಮಾರು 70 ಕಿ.ಮೀ. ಮಳೆಯಲ್ಲಿ. ಮೈಕ್ರೊಟಿಕ್ ಕಂಪನಿಯ ರೂಟರುಗಳಲ್ಲಿ ಸೇಫ್ ಮೋಡ್ ಇದೆ, ಸಂಪರ್ಕ ಕಡಿದರೆ ಬದಲಾವಣೆ ತಾನೇ ಹಿಂದಕ್ಕೆ ಹೋಗುತ್ತದೆ. ಸಿಸ್ಕೊದಲ್ಲಿ ಹತ್ತು ನಿಮಿಷದ ನಂತರ ರೀಬೂಟ್ ಆಗುವಂತೆ ಗಡುವು ಇಟ್ಟು ಕೆಲಸ ಶುರುಮಾಡಬಹುದು, ಎಲ್ಲ ಸರಿಯಾದರೆ ಗಡುವು ರದ್ದು. ಮೈಕ್ರೊಟಿಕ್ ಆರನೇ ಆವೃತ್ತಿಯಿಂದ ಏಳಕ್ಕೆ ಏರುವವರು ರೂಟಿಂಗ್ ಭಾಗವನ್ನು ಅಲ್ಲಿ ಹೊಸದಾಗಿ ಬರೆದಿದ್ದಾರೆ ಎಂಬುದನ್ನು ಮರೆಯಬೇಡಿ. ಕೊನೆ ಕೊಯ್ಲಿನ ಸಮಯದಲ್ಲಿ ಆ ಸಾಹಸ ಬೇಡ.

ಒಂದೇ ಕಂಬ

ಇಷ್ಟೆಲ್ಲ ಮಾಡಿದರೂ ನಕ್ಷೆಯಲ್ಲಿ ಕಾಣದ ಒಂದು ಸಂಗತಿ ಉಳಿಯುತ್ತದೆ. ಎರಡು ಕಂಪನಿಯ ಎರಡು ಫೈಬರ್ ತೆಗೆದುಕೊಂಡಿರುತ್ತೀರಿ, ಎರಡೂ ಅದೇ ವಿದ್ಯುತ್ ಕಂಬಗಳ ಮೇಲೆ ತೂಗುತ್ತಿರುತ್ತವೆ. ಓಎಸ್‌ಪಿಎಫ್ ಕಣ್ಣಿಗೆ ಎರಡು ದಾರಿ, ಬೀಳುವ ಮರಕ್ಕೆ ಒಂದೇ. ರೂಟರಿನಲ್ಲಿ ಇದನ್ನು ಕಂಡುಹಿಡಿಯುವ ಕಮಾಂಡ್ ಇಲ್ಲ. ಬೈಕ್ ಹತ್ತಿ ಕಂಬಗಳನ್ನು ನೋಡುತ್ತ ಹೋಗಬೇಕು, ಕೇಬಲ್ ಎಳೆಯುವ ಹುಡುಗರಿಗೆ ಚಹಾ ಕೊಡಿಸಿ ಕೇಳಬೇಕು. ಫೈಬರ್ ಒಂದು, ಮೊಬೈಲ್ ಒಂದು ಇರಲಿ ಎನ್ನುವುದು ಇದಕ್ಕಾಗಿ, ವೇಗ ಕಡಿಮೆಯಾದರೂ. ಇನ್ನೊಂದು ಮಾತು: ಒಳ್ಳೆಯ ಬ್ಯಾಟರಿ ಇರುವ ಯುಪಿಎಸ್ ಇಲ್ಲದ ಕಡೆ ರೂಟಿಂಗ್ ಬಗ್ಗೆ ಚರ್ಚೆ ಮಾಡಲು ನಾನು ಈಗ ಒಪ್ಪುವುದಿಲ್ಲ.

ಪರೀಕ್ಷೆಯನ್ನು ಚೈತ್ರದಲ್ಲಿ ಮಾಡಿ, ಮಾರುಕಟ್ಟೆಗೆ ರಜೆ ಇರುವ ದಿನ. ತಂತಿ ಕೀಳುವುದು ಸುಲಭದ ಪರೀಕ್ಷೆ, ಅದರಲ್ಲಿ ಎಲ್ಲ ಪೆಟ್ಟಿಗೆಗಳೂ ಪಾಸಾಗುತ್ತವೆ. ತಂತಿ ಹಾಗೇ ಇರಲಿ, ರೂಟರಿಗೂ ಫೈಬರ್ ಪೆಟ್ಟಿಗೆಗೂ ಮಧ್ಯೆ ಇನ್ನೊಂದು ಸಣ್ಣ ರೂಟರ್ ಇಟ್ಟು ಗೇಟ್‌ವೇ ಬಿಟ್ಟು ಉಳಿದೆಲ್ಲವನ್ನೂ ಫೈರ್‌ವಾಲಿನಲ್ಲಿ ತಡೆಯಿರಿ. ಊರಾಚೆ ಬಿದ್ದ ಮರಕ್ಕೆ ಅದು ಸಮ.

ತೀರ್ಥಹಳ್ಳಿಯ ಆ ಮಂಡಿಯಲ್ಲಿ ಎಲ್ಲ ಹೊಸದಾಗಿ ಹಾಕಿ ಹೀಗೇ ಪರೀಕ್ಷೆ ಮಾಡಿದೆವು. ಹನ್ನೆರಡು ಸೆಕೆಂಡಿಗೆ ಫೈಬರ್ ಟನೆಲ್ ಬಿತ್ತು, ಸರಿಯಾಗಿಯೇ ಬಿತ್ತು. ಆದರೆ ಪರದೆಯ ಮೇಲೆ ಏನೂ ಬರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು, ನಾನು ರೂಟರ್ ನೋಡಿದೆ. 4ಜಿ ಸಿಮ್ಮಿನ ರೀಚಾರ್ಜ್ ಮುಗಿದು ಹನ್ನೊಂದು ದಿನವಾಗಿತ್ತು. ಬಳಕೆಯಲ್ಲಿಲ್ಲದ ಲೈನನ್ನೂ ಪಿಂಗ್ ಮಾಡಿ, ಸತ್ತರೆ ಯಜಮಾನರ ಫೋನಿಗೆ ಸಂದೇಶ ಕಳಿಸುವ ಸಾಲನ್ನು ಸೇರಿಸಿದ್ದು ಆ ದಿನ ಮಧ್ಯಾಹ್ನ.